ಮತ್ತೆ ವೆಲ್ಡಿಂಗ್ ಹಿಡಿಯುವವರಿಗೆ: ಕೊಡಗಿನ ಶೆಡ್ಡಿಗೆ ಯಾವ ಯಂತ್ರ?

ಕೊಡಗಿನ ತೋಟದ ಮನೆಗಳಲ್ಲಿ ಕೈಗೆ ಬಿಡುವು ಸಿಗುವುದು ಮಳೆಗಾಲದಲ್ಲಿ. ವೆಲ್ಡಿಂಗಿಗೆ ವರ್ಷದ ಅತಿ ಕೆಟ್ಟ ಕಾಲವೂ ಅದೇ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವುದು, ನಡುವೆ ಕರಿಮೆಣಸು. ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡಾಟ. ಗದ್ದೆ ಇರುವವರಿಗೆ ನಾಟಿಯೂ ಮುಗಿದು, ಆಯುಧ ಪೂಜಿಸುವ ಕೊಡವ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದು, ಕತ್ತಿ ಕೋವಿಗಳನ್ನು ಒರೆಸಿಡುವ ಹೊತ್ತಿಗೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ವೆಲ್ಡಿಂಗ್ ರಾಡ್ ಕಚ್ಚಿಸುವ ಹಳೆಯ ಹೋಲ್ಡರ್ ಕಣ್ಣಿಗೆ ಬೀಳುತ್ತದೆ.

ಐ.ಟಿ.ಐ.ಯಲ್ಲಿ ಕಲಿತು ಬೇರೆ ಉದ್ಯೋಗಕ್ಕೆ ಹೋದವರು, ಸೇನೆಯ ಯಂತ್ರ ರಿಪೇರಿಯ ಇ.ಎಂ.ಇ. ವಿಭಾಗದಲ್ಲಿ ಕೈ ಪಳಗಿಸಿಕೊಂಡು ನಿವೃತ್ತರಾಗಿ ಬಂದವರು, ಬೆಂಗಳೂರಿನ ಕಾರ್ಖಾನೆ ಬಿಟ್ಟು ತೋಟಕ್ಕೆ ಮರಳಿದವರು ಈ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆರ್ಕ್, ಅಂದರೆ ಲೋಹ ಕರಗಿಸುವ ವಿದ್ಯುತ್ ಕಿಡಿ, ಎಳೆಯುವುದು ಅವರಿಗೆ ಹೊಸದಲ್ಲ. ಕೆಲಸ ಬಿಟ್ಟ ಮೇಲೆ ಮಾರುಕಟ್ಟೆಗೆ ಬಂದ ಯಂತ್ರಗಳು ಹೊಸವು. ಅವುಗಳಲ್ಲಿ ಯಾವುದು ತಮ್ಮ ಜಾಗಕ್ಕೆ ಹೊಂದುತ್ತದೆ ಎಂಬ ಗೊಂದಲದಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಯವರು ಯಾವ ಲೋಹ, ಎಷ್ಟು ದಪ್ಪ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ. ಆಷಾಢದ ಮಳೆ ಗಾಳಿಯ ಜೊತೆ ಹೊಡೆಯುವಾಗ ನಿಮ್ಮ ಶೆಡ್ಡಿನ ಬಾಗಿಲು ತೆರೆದಿರುತ್ತದೆಯೋ, ಮುಚ್ಚಿರುತ್ತದೆಯೋ? ತೆರೆದಿದ್ದರೆ ಬೆಸುಗೆಯನ್ನು ಕಾಯಬೇಕಾದ ಅನಿಲವನ್ನು ಗಾಳಿ ಹೊತ್ತೊಯ್ಯುತ್ತದೆ. ಮುಚ್ಚಿದ್ದರೆ ಹೊಗೆ ಒಳಗೇ ನಿಂತು ಎದೆಗೆ ಇಳಿಯುತ್ತದೆ. ಯಾವ ಯಂತ್ರವನ್ನು ಕೊಂಡರೂ ಈ ಎರಡರ ನಡುವೆ ದಾರಿ ಮಾಡಿಕೊಳ್ಳಲೇಬೇಕು. ತೆರೆದ ಬಾಗಿಲಿನಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವ ಚಿಕ್ಕ ಇನ್ವರ್ಟರ್ ಆರ್ಕ್ ಯಂತ್ರವೇ (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ರಾಡ್ ಹಿಡಿದು ಬೆಸೆಯುವ ಎಲೆಕ್ಟ್ರಾನಿಕ್ ಯಂತ್ರ) ಇಲ್ಲಿನ ಬಹುಪಾಲು ಮನೆಗಳಿಗೆ ಸರಿ ಎಂಬುದು ನನ್ನ ತೀರ್ಮಾನ. ಹೊಂದದ ಮನೆಗಳೂ ಇವೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕರೆಂಟು

ಯಂತ್ರದ ದುಡ್ಡು ಎಣಿಸುವ ಮೊದಲು ಶೆಡ್ಡಿನ ಸಾಕೆಟ್ಟಿಗೆ ಮಲ್ಟಿಮೀಟರ್ ಇಟ್ಟು ನೋಡಿ. ಸಂಜೆ ಏಳರ ಹೊತ್ತಿಗೆ, ಅದೇ ಲೈನಿನಲ್ಲಿ ಗೀಸರ್ ಅಥವಾ ಹೀಟರ್ ಹಾಕಿ, ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ. ರಸ್ತೆಯಿಂದ ದೂರದ ತೋಟದ ಮನೆಗಳಿಗೆ ಲೈನ್ ಉದ್ದ, ಟ್ರಾನ್ಸ್‌ಫಾರ್ಮರ್ ದೂರ. ಸಾಮಾನ್ಯ ಇನ್ವರ್ಟರ್ ಯಂತ್ರಗಳು 230 ವೋಲ್ಟಿಗೆ ಶೇ. 15ರಷ್ಟು ಏರಿಳಿತವನ್ನು ತಾಳಿಕೊಳ್ಳುತ್ತವೆ, ಅಂದರೆ 195 ವೋಲ್ಟಿನವರೆಗೆ. ಅದಕ್ಕಿಂತ ಕೆಳಗೆ ಇಳಿಯುವ ಲೈನಾದರೆ ಕಡಿಮೆ ವೋಲ್ಟೇಜಿನಲ್ಲೂ ನಡೆಯುವಂತೆ ತಯಾರಿಸಿದ ಯಂತ್ರಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದೇ ಮೇಲು.

ಲೆಕ್ಕ ಸರಳ. 100 ಆಂಪಿಯರ್‌ನಲ್ಲಿ ಆರ್ಕ್ ಸುಮಾರು 24 ವೋಲ್ಟಿನಲ್ಲಿ ಉರಿಯುತ್ತದೆ, ಅಂದರೆ 2,400 ವಾಟ್. ಯಂತ್ರದಲ್ಲಿ ಆಗುವ ನಷ್ಟ ಸೇರಿದರೆ ಲೈನಿನಿಂದ ಸುಮಾರು 3 ಕಿಲೋವಾಟ್ ಬೇಕು. ಅಗ್ಗದ ಯಂತ್ರಗಳ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಕಡಿಮೆ ಇರುವುದರಿಂದ ಅವು ಎಳೆಯುವ ಕರೆಂಟು ಈ ಲೆಕ್ಕಕ್ಕಿಂತಲೂ ಹೆಚ್ಚು. ಆದ್ದರಿಂದ ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಸಾಕೆಟ್ಟಿನ ಮಾತೇ ಬೇಡ. ಬೋರ್ಡಿನಿಂದ ಪ್ರತ್ಯೇಕ ತಂತಿ, ಪ್ರತ್ಯೇಕ ಎಂ.ಸಿ.ಬಿ. (ಹೊರೆ ಹೆಚ್ಚಾದರೆ ಬೀಳುವ ಸ್ವಿಚ್), 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್, ಇಷ್ಟನ್ನು ಎಲೆಕ್ಟ್ರಿಷಿಯನ್ ಕರೆಸಿ ಮಾಡಿಸಿ. ಬಿಲ್ಲಿನಲ್ಲಿ ಮುದ್ರಿಸಿರುವ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದೂ ನೋಡಿಕೊಳ್ಳಿ. ಎಕ್ಸ್‌ಟೆನ್ಶನ್ ತಂತಿ ಬಳಸಲೇಬೇಕಾದರೆ 4 ಚದರ ಮಿ.ಮೀ. ತಾಮ್ರದ ತಂತಿ ಇರಲಿ, ಸುರುಳಿ ಪೂರ್ತಿ ಬಿಚ್ಚಿರಲಿ. ಸುತ್ತಿಟ್ಟ ತಂತಿ ಒಳಗೊಳಗೇ ಕಾದು ಕರಗುತ್ತದೆ.

ಕರೆಂಟು ಹೋದಾಗ ಮನೆಯ ಬ್ಯಾಟರಿ ಯು.ಪಿ.ಎಸ್. ಇದನ್ನು ನಡೆಸಲಾರದು. ಜನರೇಟರ್ ಇದ್ದವರು ಕನಿಷ್ಠ 5 ಕೆ.ವಿ.ಎ. ಇದ್ದರೆ ಮಾತ್ರ 2.5 ಮಿ.ಮೀ. ರಾಡಿನ ಆಸೆ ಇಟ್ಟುಕೊಳ್ಳಬಹುದು.

ಇನ್ವರ್ಟರ್ ಆರ್ಕ್: ತೆರೆದ ಬಾಗಿಲಿನ ಯಂತ್ರ

ನೀವು ಕಲಿತದ್ದು ಬಹುಶಃ ಇಬ್ಬರು ಹೊರಬೇಕಾದ ಟ್ರಾನ್ಸ್‌ಫಾರ್ಮರ್ ಯಂತ್ರದಲ್ಲಿ. ಅದು ಗುಂಯ್‌ಗುಡುತ್ತಿತ್ತು, ರಾಡ್ ತಾಗಿಸಿದೊಡನೆ ಮನೆಯ ದೀಪಗಳು ಮಂಕಾಗುತ್ತಿದ್ದವು. ಈಗಿನ ಇನ್ವರ್ಟರ್ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ, ಡಿ.ಸಿ. ಕೊಡುತ್ತದೆ, ರಾಡ್ ಅಂಟಿಕೊಂಡರೆ ತಾನೇ ಕರೆಂಟು ತಗ್ಗಿಸುತ್ತದೆ. ಹಳೆಯ ಕೈಗೆ ಆರ್ಕ್ ಎಷ್ಟು ಸುಲಭವಾಗಿ ಹತ್ತುತ್ತದೆ ಎಂಬುದೇ ಮೊದಲ ಸಂತೋಷ.

ರಾಡಿನ ಲೇಪ ಉರಿದು ಅದೇ ಕಾಪು ಅನಿಲವನ್ನೂ ಬೆಸುಗೆ ಮುಚ್ಚುವ ಸ್ಲ್ಯಾಗ್ ಎಂಬ ಹೊಪ್ಪಳೆಯನ್ನೂ ಕೊಡುವುದರಿಂದ ಸ್ವಲ್ಪ ಗಾಳಿಗೆ ಇದು ಜಗ್ಗುವುದಿಲ್ಲ. ಸಿಲಿಂಡರ್ ಬೇಡ. ರಾಡ್ ಪ್ಯಾಕೆಟ್ ಗೋಣಿಕೊಪ್ಪದ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಸೋಮವಾರಪೇಟೆಯಲ್ಲೂ ಸಿಗುತ್ತದೆ. ಗೇಟಿನ ಕೀಲು, ಕೈಗಾಡಿಯ ಕಾಲು, ಹೂಕುಂಡದ ಸ್ಟ್ಯಾಂಡ್, ಸೌದೆ ಇಡುವ ಚೌಕಟ್ಟು, ಮನೆಯಲ್ಲಿ ಬರುವ ಕೆಲಸದ ಮುಕ್ಕಾಲು ಪಾಲು ಇದರಲ್ಲೇ ಮುಗಿಯುತ್ತದೆ.

ಕೊರತೆ ತೆಳು ಪೈಪಿನಲ್ಲಿ. 18 ಗೇಜಿನ ಚೌಕ ಪೈಪ್ ಎಂದರೆ 1.2 ಮಿ.ಮೀ. ಗೋಡೆ, ಅದರಲ್ಲಿ ಕೈ ಒಂದು ಕ್ಷಣ ನಿಂತರೂ ತೂತು. 16 ಗೇಜಿನಿಂದ, ಅಂದರೆ 1.6 ಮಿ.ಮೀ.ನಿಂದ ಮೇಲಕ್ಕೆ ನೆಮ್ಮದಿ. ತೆಳುವಿಗೆ ಹೋಲ್ಡರನ್ನು ಮೈನಸ್ಸಿಗೆ ಹಾಕಿ, 2.5 ಮಿ.ಮೀ.ಗಿಂತ ಸಣ್ಣ ರಾಡ್ ಹಿಡಿದು, ಚುಕ್ಕೆ ಚುಕ್ಕೆಯಾಗಿ ಹೋಗಿ.

ಯಂತ್ರದ ಮೇಲೆ ದೊಡ್ಡದಾಗಿ ಬರೆದ 200, 250 ಎಂಬ ಅಂಕಿಗಳನ್ನು ನಂಬಬೇಡಿ, ಅವು ಬರೀ ಮಾದರಿಯ ಹೆಸರಾಗಿರಬಹುದು. ಹಿಂಬದಿಯ ಫಲಕದಲ್ಲಿ ಡ್ಯೂಟಿ ಸೈಕಲ್ ಓದಿ. 120 ಆಂಪಿಯರಿಗೆ ಶೇ. 60 ಎಂದಿದ್ದರೆ, ಹತ್ತು ನಿಮಿಷದಲ್ಲಿ ಆರು ನಿಮಿಷ ಆ ಕರೆಂಟಿನಲ್ಲಿ ನಡೆಸಿ ನಾಲ್ಕು ನಿಮಿಷ ತಣಿಯಲು ಬಿಡಬೇಕು ಎಂದರ್ಥ. ಹವ್ಯಾಸಕ್ಕೆ ಇದು ಧಾರಾಳವಾಯಿತು. ಫಲಕವೇ ಇಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ.

ಶೆಡ್ಡಿನಲ್ಲಿ ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರ ಇನ್ನೂ ಇದೆಯೇ? ತಾಮ್ರದ ಸುತ್ತು ಗಟ್ಟಿಯಾಗಿದ್ದು ಇನ್ಸುಲೇಶನ್ ಪರೀಕ್ಷೆ ಮಾಡಿಸಿದ್ದರೆ ದಪ್ಪ ಕೆಲಸಕ್ಕೆ ಇಟ್ಟುಕೊಳ್ಳಿ. ಇನ್ವರ್ಟರಿನ ಒಳಗೆ ಇರುವೆ, ಹಲ್ಲಿ ಸೇರಿ ಸರ್ಕಿಟ್ ಬೋರ್ಡ್ ಸುಡುವುದು ಇಲ್ಲಿ ಕಂಡ ಮಾತು. ಹಳೆಯದಕ್ಕೆ ಆ ಭಯವಿಲ್ಲ. ಆದರೆ ಉದ್ದ ಲೈನಿನ ಮನೆಗೆ ಅದು ಹೊರೆ.

ರಾಡು ಮತ್ತು ತೇವ

ಕೊಡಗಿನಲ್ಲಿ ಬೆಸುಗೆ ಕೆಡುವುದಕ್ಕೆ ಕೈಗಿಂತ ಹೆಚ್ಚಾಗಿ ತೇವ ಕಾರಣ. ಜುಲೈಯಲ್ಲಿ ಪ್ಯಾಕೆಟ್ ಒಡೆದು ವಾರ ಬಿಟ್ಟ ರಾಡನ್ನು ಹಚ್ಚಿ ನೋಡಿ: ಆರ್ಕ್ ಉಗುಳುತ್ತದೆ, ಸಿಡಿತ ಹೆಚ್ಚು, ಸ್ಲ್ಯಾಗ್ ಕುಟ್ಟಿ ತೆಗೆದರೆ ಅಡಿಯಲ್ಲಿ ಸೂಜಿ ಚುಚ್ಚಿದ ಹಾಗೆ ರಂಧ್ರಗಳು. ಒಣ ರಾಡಿನಲ್ಲಿ ಒಂದೇ ಸಮನೆ ಚಟಪಟ ಸದ್ದು ಬರುತ್ತದೆ, ತಣಿಯುತ್ತಿದ್ದಂತೆ ಸ್ಲ್ಯಾಗ್ ತಾನೇ ಬಿರುಕು ಬಿಟ್ಟು ಮೇಲೇಳುತ್ತದೆ.

ಇಂಥ ಕಡೆ ಇ 6013 ರಾಡಿಗಿಂತ ಒಳ್ಳೆಯ ಸಂಗಾತಿ ಇಲ್ಲ. ಎ.ಸಿ., ಡಿ.ಸಿ. ಎರಡಕ್ಕೂ ನಡೆಯುತ್ತದೆ. ಅಂಗಡಿಯಲ್ಲಿ 12 ಗೇಜ್ ಎಂದು ಕೇಳಿದರೆ 2.5 ಮಿ.ಮೀ., 10 ಗೇಜ್ ಎಂದರೆ 3.15 ಮಿ.ಮೀ. ಸಿಗುತ್ತದೆ, ಮೊದಲನೆಯದಕ್ಕೆ 65ರಿಂದ 90 ಆಂಪಿಯರ್, ಎರಡನೆಯದಕ್ಕೆ 100ರಿಂದ 130. ತೇವ ಹಿಡಿದಿದ್ದರೆ 100–120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಒಣಗಿಸಿದರೆ ಬಹುತೇಕ ಸರಿಹೋಗುತ್ತದೆ. ಲೇಪ ಉದುರಿದ, ಒಳತಂತಿ ತುಕ್ಕು ಹಿಡಿದ ರಾಡನ್ನು ಎಸೆಯಿರಿ. ಇ 7018 ಗಟ್ಟಿ ರಾಡೇ ಹೌದು, ಆದರೆ ಅದನ್ನು ಸುಮಾರು 300 ಡಿಗ್ರಿಯಲ್ಲಿ ಬೇಯಿಸಿ ಬಿಸಿಯಾಗಿಯೇ ಕಾಪಾಡಬೇಕು. ಅದಕ್ಕೆ ಬೇಕಾದ ಓವನ್ ಇಲ್ಲದೆ ಮಳೆಗಾಲದಲ್ಲಿ ಅದನ್ನು ಬಳಸಿದರೆ ಹೆಸರಿನ ಬಲ ಬೆಸುಗೆಗೆ ಬರುವುದಿಲ್ಲ.

ಕೆಟ್ಟುಹೋದ ಚಿಕ್ಕ ಫ್ರಿಜ್ಜಿನ ಡಬ್ಬಿಯಲ್ಲಿ ಹಳೆಯ ತಂತಿಯ ಬಲ್ಬು ಒಂದನ್ನು ಸದಾ ಉರಿಸಿಟ್ಟರೆ ರಾಡುಗಳಿಗೆ ಒಳ್ಳೆಯ ಮನೆ ಆಗುತ್ತದೆ. ಒಲೆಯ ಮೇಲಿನ ಅಟ್ಟ ಇರುವ ಮನೆಯವರು ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಹಾಕಿ ಅಲ್ಲಿಡಬಹುದು. ಬಿಸಿ ಸಿಗುತ್ತದೆ, ಮಸಿ ತಾಗುವುದಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಬೀಡು ಕಬ್ಬಿಣದ ಭಾಗ ಬಿರುಕು ಬಿಟ್ಟಿದ್ದರೆ 6013 ಹಚ್ಚಬೇಡಿ, ತಣಿಯುವಾಗ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಏಳುತ್ತದೆ. ಅದಕ್ಕೆ ನಿಕ್ಕಲ್ ರಾಡ್ ಬೇಕು, ಬೆಲೆ ಬಹಳ ಹೆಚ್ಚು. ಒಂದು ಅಂಗುಲದಷ್ಟು ಮಾತ್ರ ಹಾಕಿ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಕಾದು, ಮತ್ತೆ ಒಂದಂಗುಲ. ಕೊನೆಗೆ ಒಲೆಬೂದಿಯಲ್ಲಿ ಹೂತು ರಾತ್ರಿಯಿಡೀ ನಿಧಾನವಾಗಿ ತಣಿಯಲು ಬಿಡಿ.

ಎಂ.ಐ.ಜಿ.: ಗ್ಯಾಸ್ ಇರುವುದೋ, ಇಲ್ಲದ್ದೋ?

ಎಂ.ಐ.ಜಿ.ಯಲ್ಲಿ ರಾಡಿನ ಬದಲು ಸುರುಳಿಯ ತಂತಿ ಕರಗುತ್ತದೆ, ಗನ್ನಿನ ಗುಂಡಿ ಒತ್ತಿದರೆ ಅದು ತಾನೇ ಬರುತ್ತದೆ, ಎರಡನೇ ಕೈ ಆಸರೆಗೆ ಖಾಲಿ. ಕೈ ಸಣ್ಣಗೆ ನಡುಗುವ ವಯಸ್ಸಿನವರಿಗೆ ಇದು ದೊಡ್ಡ ಅನುಕೂಲ. 0.8 ಮಿ.ಮೀ. ಘನ ತಂತಿ, ಕಾರ್ಬನ್ ಡೈ ಆಕ್ಸೈಡ್ ಅಥವಾ ಆರ್ಗಾನ್ ಬೆರೆತ ಅನಿಲ, 18 ಗೇಜಿನ ಪೈಪು, ಈ ಜೋಡಿಗೆ ಆರ್ಕ್ ಸಾಟಿಯಲ್ಲ. ಮನೆಯ ಪೀಠೋಪಕರಣ, ಜಾಲರಿ, ತಗಡಿನ ಪೆಟ್ಟಿಗೆಗಳೇ ನಿಮ್ಮ ಆಸೆಯಾದರೆ ಇದೇ ನಿಮ್ಮ ಯಂತ್ರ.

ಆದರೆ ಗಾಳಿ ಗಂಟೆಗೆ ಎಂಟು ಕಿ.ಮೀ. ದಾಟಿದರೆ ಅನಿಲದ ಕವಚ ಚದುರುತ್ತದೆ. ಎಲೆ ಅಲ್ಲಾಡುವಷ್ಟು ಗಾಳಿ ಸಾಕು. ಜೊತೆಗೆ ಸಿಲಿಂಡರ್. ಖಾಲಿಯಾದ ಸಿಲಿಂಡರನ್ನು ಬದಲಾಯಿಸಿ ಕೊಡುವವರು ನಿಮ್ಮ ಪೇಟೆಯಲ್ಲಿ ಇದ್ದಾರೆಯೇ, ಠೇವಣಿ ಎಷ್ಟು, ಜೀಪಿನಲ್ಲಿ ನೆಟ್ಟಗೆ ಕಟ್ಟಿ ತರಲು ವ್ಯವಸ್ಥೆ ಇದೆಯೇ ಎಂದು ಯಂತ್ರ ಕೊಳ್ಳುವ ಮೊದಲು ವಿಚಾರಿಸಿ. ಇದಕ್ಕೆ ಉತ್ತರ ಸಿಗದ ಊರಿನಲ್ಲಿ ಎಂ.ಐ.ಜಿ. ಯಂತ್ರ ಕೆಲವೇ ತಿಂಗಳಲ್ಲಿ ಮೂಲೆ ಸೇರುತ್ತದೆ.

ಗ್ಯಾಸ್ ಇಲ್ಲದ ಫ್ಲಕ್ಸ್ ತಂತಿ ಇಲ್ಲಿ ನೆರವಿಗೆ ಬರುತ್ತದೆ. ತಂತಿಯ ಹೊಟ್ಟೆಯೊಳಗೇ ಫ್ಲಕ್ಸ್, ಅಂದರೆ ರಾಡಿನ ಲೇಪದಂಥ ಪುಡಿ, ಇರುವುದರಿಂದ ಗಾಳಿಗೂ ಜಗ್ಗುವುದಿಲ್ಲ, ಸಿಲಿಂಡರೂ ಬೇಡ. ಇದಕ್ಕೆ ಗನ್ ಮೈನಸ್ಸಿಗೆ ಹೋಗಬೇಕು. ಘನ ತಂತಿಗೆ ಪ್ಲಸ್. ಒಳಗಿನ ಜೋಡಣೆ ಅದಲುಬದಲು ಮಾಡಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ತೋರಿಸಲು ಹೇಳಿ. ಬರದಿದ್ದರೆ ಸಿಡಿತವೇ ಸಿಡಿತ. ತಂತಿ ಮೃದು, ಆದ್ದರಿಂದ ಹಲ್ಲಿರುವ ರೋಲರ್ ಹಾಕಿ, ಒತ್ತಡ ಕಡಿಮೆ ಇಡಿ. ಹೊಗೆ ಮಾತ್ರ ಘನ ತಂತಿಗಿಂತ ತುಂಬ ಹೆಚ್ಚು. ಹಾಗಾಗಿ ಇದೂ ತೆರೆದ ಬಾಗಿಲಿನ ಯಂತ್ರವೇ. ತೆಳು ತಗಡಿಗೆ ಬಿಸಿ ಜಾಸ್ತಿ. ಮಳೆಗಾಲದಲ್ಲಿ ತಂತಿಯ ಸುರುಳಿಯನ್ನು ಯಂತ್ರದಲ್ಲೇ ಬಿಟ್ಟರೆ ತುಕ್ಕು ಹಿಡಿದು ಗನ್ನಿನೊಳಗೆ ಸಿಕ್ಕಿಕೊಳ್ಳುತ್ತದೆ. ಕೆಲಸ ಮುಗಿದೊಡನೆ ಬಿಚ್ಚಿ, ಸಿಲಿಕಾ ಜೆಲ್ ಜೊತೆ ಬಿಗಿ ಚೀಲಕ್ಕೆ ಹಾಕಿಡಿ.

ನನ್ನನ್ನು ಕೇಳಿದರೆ, ಆರ್ಕ್ ಯಂತ್ರ ಕೊಂಡು ಒಂದು ವರ್ಷ ಕಳೆದ ಮೇಲೂ ತೆಳು ಪೈಪಿನ ಕೆಲಸವೇ ಹೆಚ್ಚು ಬರುತ್ತಿದ್ದರೆ, ಗ್ಯಾಸಿಗೂ ಫ್ಲಕ್ಸ್ ತಂತಿಗೂ ಆಗುವ ಒಂದೇ ಯಂತ್ರ ತನ್ನಿ. ಆರ್ಕ್, ಎಂ.ಐ.ಜಿ., ಮುಂದೆ ಹೇಳುವ ಟಿ.ಐ.ಜಿ. ಮೂರನ್ನೂ ಮಾಡುವ ಒಂದೇ ಡಬ್ಬಿಯ ಯಂತ್ರಗಳಲ್ಲಿ ಟಿ.ಐ.ಜಿ. ಎಂದು ಬರೆದಿರುವುದು ಸಾಮಾನ್ಯವಾಗಿ ಡಿ.ಸಿ. ಮಾತ್ರ. ಅಲ್ಯೂಮಿನಿಯಂ ಆಸೆ ಅದರಿಂದ ತೀರುವುದಿಲ್ಲ.

ಟಿ.ಐ.ಜಿ.

ಬೆಸುಗೆಯೇ ಸಂತೋಷ ಎನ್ನುವವರಿಗೆ ಇದು. ಒಂದು ಕೈಯಲ್ಲಿ ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಕೊಡುವ ಟಾರ್ಚ್, ಇನ್ನೊಂದರಲ್ಲಿ ಕರಗಿಸಿ ತುಂಬುವ ಕಡ್ಡಿ, ಸಿಡಿತವಿಲ್ಲ, ಹೊಗೆ ಕಡಿಮೆ, ಕರಗಿದ ಕೊಳ ಕಣ್ಣೆದುರು ಸ್ಪಷ್ಟ. ಸ್ಟೀಲ್ ಪಾತ್ರೆಯ ಹಿಡಿ, ಸೈಕಲ್ ಚೌಕಟ್ಟು, ತೆಳು ಪೈಪು ಎಲ್ಲವೂ ಚೆಂದ. ಆದರೆ ಲೋಹ ಕನ್ನಡಿಯಷ್ಟು ಶುಭ್ರವಿರಬೇಕು, ಗಾಳಿ ಅಲುಗಬಾರದು, ಶುದ್ಧ ಆರ್ಗಾನ್ ಬೇಕು. ನಮ್ಮ ತುಕ್ಕು ಹಿಡಿದ ಗೇಟುಗಳಿಗೆ ಇದು ಹೇಳಿದ್ದಲ್ಲ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪದರ ಕರಗುವುದು ಸುಮಾರು 2,070 ಡಿಗ್ರಿಯಲ್ಲಿ, ಅಡಿಯ ಲೋಹ ಕರಗುವುದು 660ರಲ್ಲಿ. ಆ ಪದರವನ್ನು ಒಡೆಯಲು ಎ.ಸಿ. ಟಿ.ಐ.ಜಿ. ಬೇಕು, ಅದರ ಬೆಲೆ ಚಿಕ್ಕ ಆರ್ಕ್ ಯಂತ್ರದ ಹಲವು ಪಟ್ಟು. ಬಾಗಿಲು ಮುಚ್ಚಿದ ಸಣ್ಣ ಕೋಣೆಯಲ್ಲಿ ಆರ್ಗಾನ್ ನೆಲಮಟ್ಟದಲ್ಲಿ ತುಂಬಿ ಉಸಿರಿನ ಗಾಳಿಯನ್ನು ಹೊರತಳ್ಳಬಲ್ಲದು, ಆದ್ದರಿಂದ ಕೆಳಗೊಂದು ಕಿಂಡಿ ಇರಲಿ.

ಆಕ್ಸಿಜನ್–ಅಸಿಟಿಲೀನ್ ಗ್ಯಾಸ್ ವೆಲ್ಡಿಂಗ್ ಕಲಿತವರಿಗೆ ಅದರ ಮೇಲೆ ಮೋಹ ಇದೆ, ನನಗೆ ಅರ್ಥವಾಗುತ್ತದೆ. ಆದರೆ ಮರದ ತೊಲೆ, ಸೌದೆ ರಾಶಿ, ಕಾಫಿ ಮೂಟೆಗಳಿರುವ ಮನೆಯ ಪಕ್ಕ ಅಸಿಟಿಲೀನ್ ಸಿಲಿಂಡರ್ ಹವ್ಯಾಸಕ್ಕೆ ಬೇಡ.

ವಯಸ್ಸಾದ ಕಣ್ಣು, ಒದ್ದೆ ನೆಲ

ಕೈ ಮರೆತಿಲ್ಲ, ಕಣ್ಣು ಮಾತ್ರ ಬದಲಾಗಿದೆ. ನಲವತ್ತೈದು ದಾಟಿದವರಿಗೆ ಬೆಸುಗೆಯ ಗೆರೆ ಮಸುಕಾಗುವುದಕ್ಕೆ ಹಲವು ಬಾರಿ ಚಾಳೀಸೇ ಕಾರಣ. ಹೆಲ್ಮೆಟ್ಟಿನೊಳಗೆ ಸಿಕ್ಕಿಸುವ ಭೂತಗನ್ನಡಿ ಸಿಗುತ್ತದೆ, ನಿಮ್ಮ ಓದುವ ಕನ್ನಡಕದ ಪವರಿಗೆ ಹೊಂದುವುದನ್ನು ಆರಿಸಿ. ತಾನೇ ಕಪ್ಪಾಗುವ, 9ರಿಂದ 13ರವರೆಗೆ ಛಾಯೆ ಬದಲಿಸಬಹುದಾದ ಹೆಲ್ಮೆಟ್ಟಿಗೆ ಯಂತ್ರದಲ್ಲಿ ಉಳಿಸಿದ ಹಣವನ್ನೆಲ್ಲ ಹಾಕಿದರೂ ನಷ್ಟವಿಲ್ಲ. 100 ಆಂಪಿಯರಿನ ಆರ್ಕಿಗೆ 10ನೇ ಛಾಯೆ. ಕೈಯಲ್ಲಿ ಹಿಡಿಯುವ ಗಾಜು ಒಂದು ಕೈಯನ್ನೇ ಕಟ್ಟಿಹಾಕುತ್ತದೆ. ಬರಿಗಣ್ಣಿಗೆ ಆರ್ಕ್ ಬಿದ್ದ ನೋವು ಕೂಡಲೇ ಬರುವುದಿಲ್ಲ, ಕೆಲವು ಗಂಟೆಗಳ ನಂತರ ರಾತ್ರಿ ಮರಳು ಹೊಕ್ಕಂತೆ ಚುಚ್ಚುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮೊಮ್ಮಕ್ಕಳಿಗೂ ಅದೇ ಗತಿ. ಅವರನ್ನು ಒಳಗೆ ಕಳುಹಿಸಿ.

ಪೇಸ್‌ಮೇಕರ್ ಇರುವವರು ಹೃದಯ ತಜ್ಞರನ್ನು ಕೇಳದೆ ಯಂತ್ರ ಮುಟ್ಟಬೇಡಿ.

ಆರ್ಕ್ ಹತ್ತದಿರುವಾಗ ಹೋಲ್ಡರಿನಲ್ಲಿ 60ರಿಂದ 80 ವೋಲ್ಟ್ ಇರುತ್ತದೆ. ಒಣ ಕೈಗೆ ಅದು ಜುಮ್ ಎನ್ನಬಹುದು, ಮಳೆಯಲ್ಲಿ ನೆಂದ ಬಟ್ಟೆ, ಒದ್ದೆ ಸಿಮೆಂಟು ನೆಲ, ಬೆವರಿದ ಕೈಗವಸು ಸೇರಿದರೆ ಜೀವ ತೆಗೆಯಬಹುದು. ಒಣ ಹಲಗೆ ಅಥವಾ ರಬ್ಬರ್ ಹಾಸಿನ ಮೇಲೆ ನಿಲ್ಲಿ, ಎರಡು ಜೊತೆ ಚರ್ಮದ ಕೈಗವಸು ಇಟ್ಟುಕೊಂಡು ನೆಂದದ್ದನ್ನು ಬದಲಿಸಿ. ಇರಚಲು ಒಳಗೆ ಬರುತ್ತಿದ್ದರೆ ಅಂದಿನ ಕೆಲಸ ನಿಲ್ಲಿಸಿ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಾವು ಕಲಿತ ಕಾಲದಲ್ಲಿ ಹೊಗೆಯನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ, ಈಗ ಇಡಲೇಬೇಕು. ಮುಖವನ್ನು ಹೊಗೆಯ ದಾರಿಯಿಂದ ಪಕ್ಕಕ್ಕೆ ಇಡಿ, ಫ್ಯಾನಿನ ಗಾಳಿ ನಿಮ್ಮ ಬೆನ್ನಿನಿಂದಲ್ಲ, ಪಕ್ಕದಿಂದ ಹಾಯಲಿ, ಹೆಲ್ಮೆಟ್ಟಿನ ಅಡಿ ಹಿಡಿಸುವ ಒಳ್ಳೆಯ ಮಾಸ್ಕ್ ಇರಲಿ. ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪಿನ ಸತುವನ್ನು ಗ್ರೈಂಡರಿನಿಂದ ತೆಗೆಯದೆ ಬೆಸೆದರೆ ರಾತ್ರಿ ಚಳಿಜ್ವರ ಬಂದಂತೆ ನಡುಗಬೇಕಾಗುತ್ತದೆ.

ಬೇಸಿಗೆಯಲ್ಲಿ ಭಯ ಬೇರೆ, ಕಿಡಿ ಹತ್ತು ಮೀಟರಿಗೂ ಹಾರುತ್ತದೆ. ತರಗೆಲೆ, ಕಾಫಿ ಹೊಟ್ಟು, ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಕ್ಯಾನ್ ಎಲ್ಲವನ್ನೂ ದೂರ ಸರಿಸಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ, ಬಕೆಟ್ ನೀರು ಪಕ್ಕದಲ್ಲಿರಲಿ. ಆದರೆ ಯಂತ್ರಕ್ಕೇ ಬೆಂಕಿ ಹತ್ತಿದರೆ ನೀರಲ್ಲ, ಮೊದಲು ಮೇನ್ ಸ್ವಿಚ್.

ಯಾವುದನ್ನು ಮುಟ್ಟಬಾರದು

ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನು ಮನೆಯಲ್ಲಿ ಬೆಸೆಯಬೇಡಿ. ಬಿಸಿ ತಾಗಿದ ಕಡೆ ಅದರ ಮಿಶ್ರಲೋಹ ಮೆತ್ತಗಾಗುತ್ತದೆ, ಬೆಸುಗೆ ನೋಡಲು ಚೆನ್ನಾಗಿದ್ದರೂ ಪಕ್ಕದಲ್ಲಿ ಮುರಿಯುತ್ತದೆ. ಆ ಏಣಿಯ ತುದಿಯಲ್ಲಿ ಇರುವುದು ನಾವಲ್ಲ, ನಮ್ಮ ತೋಟಕ್ಕೆ ಕೂಲಿಗೆ ಬಂದವರು. ಟ್ರೈಲರಿನ ಕೊಂಡಿ, ವಾಹನದ ಚಾಸಿಗೂ ಇದೇ ಮಾತು. ಇಂಧನ ಅಥವಾ ಔಷಧಿ ಇದ್ದ ಡ್ರಮ್ಮನ್ನು ಎಷ್ಟು ತೊಳೆದಿದ್ದರೂ ಕತ್ತರಿಸಬೇಡಿ, ಬೆಸೆಯಬೇಡಿ. ಉಳಿದ ಆವಿಯೇ ಸಿಡಿಯಲು ಸಾಕು. ಕೋವಿಯ ಯಾವ ಭಾಗಕ್ಕೂ ಆರ್ಕ್ ತಾಗಬಾರದು, ಅದು ಪರವಾನಗಿ ಇರುವ ಕೋವಿ ರಿಪೇರಿಗಾರರ ಕೆಲಸ. ಬಿರುಕು ಬಿಟ್ಟ ಕತ್ತಿಯ ಹೆಚ್ಚು ಇಂಗಾಲದ ಉಕ್ಕು ಬೆಸುಗೆಯ ಪಕ್ಕ ಗಾಜಿನಂತೆ ಒಡೆಯುವ ಸ್ಥಿತಿಗೆ ಬರುತ್ತದೆ. ಅದನ್ನು ಕುಲುಮೆಗೇ ಒಯ್ಯಿರಿ.

ಕೈ ಮರಳಿ ಕೂರುವವರೆಗೆ 6 ಮಿ.ಮೀ. ಪಟ್ಟಿಯ ಮೇಲೆ ಸಾಲು ಹಾಕಿ. ಮರಳಿ ಬಂದವರು ಹೆಚ್ಚಾಗಿ ಆರ್ಕನ್ನು ಉದ್ದ ಹಿಡಿಯುತ್ತಾರೆ. ರಾಡಿನ ದಪ್ಪದಷ್ಟೇ ದೂರ ಸಾಕು. ಆಮೇಲೆ ಎರಡು ತುಂಡುಗಳನ್ನು ಲಂಬವಾಗಿ ಒಂದೇ ಬದಿಗೆ ಬೆಸೆದು, ವೈಸಿಗೆ ಕಚ್ಚಿಸಿ, ಬೆಸುಗೆಯ ಮೇಲೆಯೇ ಮಡಚಿಕೊಳ್ಳುವಂತೆ ಸುತ್ತಿಗೆಯಿಂದ ಹೊಡೆಯಿರಿ. ಮುರಿದ ಮುಖದಲ್ಲಿ ಮೂಲೆಯ ತನಕ ಲೋಹ ಕೂಡಿದ್ದು ಕಂಡರೆ ಗೇಟಿಗೆ ಕೈ ಹಾಕಬಹುದು. ಮೂಲೆಯಲ್ಲಿ ಕಪ್ಪು ಸ್ಲ್ಯಾಗಿನ ಗೆರೆ ಕಂಡರೆ ಐದು ಆಂಪಿಯರ್ ಏರಿಸಿ ಇನ್ನೊಂದು ತುಂಡು ಕತ್ತರಿಸಿ.

ಕೊಳ್ಳುವ ದಿನ ಅಂಗಡಿಗೆ ನಿಮ್ಮದೇ 16 ಗೇಜ್ ಪೈಪಿನ ತುಂಡುಗಳನ್ನು, ನಿಮ್ಮ ಲೈನಿನ ವೋಲ್ಟೇಜ್ ಬರೆದ ಚೀಟಿಯನ್ನು, ಓದುವ ಕನ್ನಡಕವನ್ನು ಒಯ್ಯಿರಿ. ಯಂತ್ರವನ್ನು ಅಲ್ಲೇ ಹಚ್ಚಿ, ಎರಡು ರಾಡು ಸುಟ್ಟು ನೋಡಲು ಬಿಡುವ ಅಂಗಡಿಯಲ್ಲಿ, ಬಿಡಿಭಾಗ ಮತ್ತು ರಿಪೇರಿ ಮೈಸೂರಿನೊಳಗೇ ಸಿಗುವ ಕಂಪನಿಯದನ್ನು ತೆಗೆದುಕೊಳ್ಳಿ.